ಸೋಮವಾರಪೇಟೆಯ ರೈಲ್ವೆ ಸ್ಟೇಷನ್

ಒಂದಡಿ ಹಳಿಯೂ ಇಲ್ಲದ ಕೊಡಗಿನಲ್ಲಿ ರೈಲ್ವೆ ಸ್ಟೇಷನ್ ಕಳುವಾಯಿತು.

ದೂರು ತಂದ ಕಾನ್‌ಸ್ಟೇಬಲ್ ಸಣ್ಣಸ್ವಾಮಿ ನಗು ತಡೆಯಲಾರದೆ ಒದ್ದಾಡುತ್ತಿದ್ದ. ಸಬ್ ಇನ್ಸ್‌ಪೆಕ್ಟರ್ ಚೆನ್ನಯ್ಯನಿಗೆ ನಗು ಬರಲಿಲ್ಲ. 1953ರ ಅಕ್ಟೋಬರ್ ಅದು. ಸೋಮವಾರಪೇಟೆಗೆ ಬಂದು ಆರು ತಿಂಗಳಾದರೂ ಅವನ ಪಾಲಿಗೆ ಬಂದಿದ್ದು ದನದ ಕಳುವು, ಬೇಲಿ ಜಗಳ, ಅಷ್ಟೇ. ದೊಡ್ಡದೊಂದು ಕೇಸಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದವನಿಗೆ ಈಗ ಆಟಿಕೆಯ ಕೇಸು. ಟೋಪಿ ಏರಿಸಿಕೊಂಡು ಜೀಪು ಹತ್ತಿದ.

ಎಸ್ಟೇಟ್ ಮಾಲೀಕ ಉತ್ತಯ್ಯ ಕಾಫಿ ಗೋಡೌನಿನ ಬಾಗಿಲಲ್ಲೇ ಕಾಯುತ್ತಿದ್ದರು. ಕೊಯ್ಲು ಶುರುವಾಗದ ಕಾಲ, ಗೋಡೌನು ಖಾಲಿ. ಒಳಗೆ ಇಪ್ಪತ್ತಡಿ ಉದ್ದದ ಮೇಜು. ಅದರ ಮೇಲೆ ಗುಡ್ಡ, ಸುರಂಗ, ಸೇತುವೆ, ಎಂಜಿನ್ ಶೆಡ್ಡು, ಸಿಗ್ನಲ್ ಮನೆ. ನಡುವೆ ಕೀ ಕೊಟ್ಟರೆ ಓಡುವ ಇಂಗ್ಲೆಂಡಿನ ರೈಲು.

ಚೆನ್ನಯ್ಯ ತನಗೇ ಗೊತ್ತಿಲ್ಲದೆ ಬಗ್ಗಿದ. ಎಂಜಿನ್ ಶೆಡ್ಡಿನ ಕಿಟಕಿಗೆ ಸರಳಿತ್ತು. ಸಿಗ್ನಲ್ ಮನೆಯ ಏಣಿಗೆ ಹನ್ನೊಂದು ಮೆಟ್ಟಿಲು. ಆಟಿಕೆ ಎಂದುಕೊಂಡು ಬಂದಿದ್ದಕ್ಕೆ ಅವನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಪ್ಲಾಟ್‌ಫಾರಂ ಪಕ್ಕದಲ್ಲಿ ಸ್ಟೇಷನ್ ಇರಬೇಕಾದ ಎರಡಡಿ ಉದ್ದದ ಜಾಗ ಬರಿದಾಗಿತ್ತು.

"ರೈಲು ಮಾತ್ರ ನಂದು, ಇನ್ಸ್‌ಪೆಕ್ಟರೇ. ಉಳಿದದ್ದೆಲ್ಲ ಇವನ ಕೈಕೆಲಸ" ಎಂದರು ಉತ್ತಯ್ಯ.

ಮೂಲೆಯಲ್ಲಿ ನಿಂತಿದ್ದ ಎಸ್ಟೇಟಿನ ಬಡಗಿ ಬೀರ ತಲೆ ಎತ್ತಲಿಲ್ಲ.

"ಎರಡು ವರ್ಷ ಮಾಡಿದಾನೆ. ಕೂಲಿ ಜಾಸ್ತಿ ಕೇಳಲಿಲ್ಲ. ಒಂದೇ ಮಾತು ಕೇಳಿದ, ಜನ ನೋಡುವಾಗ ಬೋರ್ಡಲ್ಲಿ ನನ್ನ ಹೆಸರಿರಬೇಕು ಅಂತ. ನಾನು ಮಾತು ಕೊಟ್ಟೆ. ನಾಳಿದ್ದು ಮಡಿಕೇರಿಯಲ್ಲಿ ಪ್ರದರ್ಶನ."

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ನಾಗರಾಜು ಮುಂದೆ ಬಂದ. "ಬೀಗ ಮುರಿದಿಲ್ಲ ಸಾರ್. ಬೀಗದ ಕೈ ಇರೋದು ಎರಡೇ. ಒಂದು ನನ್ನ ಹತ್ರ, ಇನ್ನೊಂದು ಬೀರನ ಹತ್ರ. ನಿನ್ನೆ ನಾನು ಸಾಹುಕಾರರ ಜೊತೆ ಗೋಣಿಕೊಪ್ಪಲಲ್ಲಿದ್ದೆ. ಇವನೇ ಎಲ್ಲೋ ಮಾರಿಕೊಂಡಿರಬೇಕು."

"ಏನಯ್ಯಾ ಬೀರ?"

"ನಾನು ಕದ್ದಿಲ್ಲ ಸ್ವಾಮಿ." ಬೀರ ಅಳಲಿಲ್ಲ, ಕೈ ಮುಗಿಯಲಿಲ್ಲ. ತನ್ನ ಸ್ಟೇಷನ್ನನ್ನು ತಾನೇ ಕದ್ದ ಎನ್ನುವವರ ಹತ್ತಿರ ಮಾತೇನು ಎನ್ನುವ ಹಾಗೆ ನಿಂತಿದ್ದ.

"ಎಷ್ಟು ದೊಡ್ಡದು ಅದು?"

"ನಿಜದ ಒಂದಡಿಗೆ ಕಾಲಂಗುಲದ ಅಳತೆ" ಎಂದ ಬೀರ. "ಉದ್ದ ಎರಡಡಿ, ಅಗಲ ಹತ್ತಂಗುಲ. ಮೈಸೂರಿನಾಚೆ ಒಂದು ಸಣ್ಣ ಸ್ಟೇಷನ್ನು, ಹೆಜ್ಜೆ ಹಾಕಿ ಅಳೆದೆ. ಅಲ್ಲಿನ ಸ್ಟೇಷನ್ ಮಾಸ್ತರು ಎರಡು ಸಲ ನನ್ನನ್ನ ಓಡಿಸಿದ್ರು. ಮೂರನೇ ಸಲ ಚಾ ಕೊಟ್ರು."

* * *

ಚೆನ್ನಯ್ಯ ಹೊರಗೆ ಬಂದು ಗೋಡೌನಿಗೆ ಒಂದು ಸುತ್ತು ಹಾಕಿದ. ಹಿಂಬದಿಗೆ ಬಂದವನು ಹೆಂಚು ಹೊದಿಸಿದ ಮಾಡಿನ ಕಡೆ ನೋಡುತ್ತಾ ನಿಂತುಬಿಟ್ಟ.

ಮಳೆಗಾಲ ಮುಗಿದು ಹೆಂಚಿನ ತುಂಬ ಹಸಿರು ಪಾಚಿ. ಆ ಹಸಿರಿನ ನಡುವೆ ಆರು ಹೆಂಚುಗಳ ಅಂಚಿನಲ್ಲಿ ಬೆರಳಗಲದ ಕೆಂಪು ಗೆರೆ.

"ಸಣ್ಣಸ್ವಾಮಿ, ಅಲ್ಲೇನು ಕಾಣ್ತದೆ?"

"ಹೆಂಚು ಸಾರ್."

"ತೆಗೆದು ಮತ್ತೆ ಇಟ್ಟ ಹೆಂಚು. ಒಂದರ ಮೇಲೊಂದು ಕೂತಿದ್ದ ಭಾಗಕ್ಕೆ ಪಾಚಿ ಹಿಡಿಯೋದಿಲ್ಲ. ಇಡುವಾಗ ಬೆರಳಷ್ಟು ಸರಿದಿದೆ, ಕೆಂಪು ಹೊರಗೆ ಬಂದಿದೆ."

ಇದು ಯಾವ ಟ್ರೈನಿಂಗಿನಲ್ಲೂ ಕಲಿಸಿದ್ದಲ್ಲ. ಚೆನ್ನಯ್ಯನ ಅಪ್ಪ ಹಾಸನದ ಕಡೆ ಹೆಂಚು ಹೊದಿಸುತ್ತಿದ್ದ. ಇಲಾಖೆಯಲ್ಲಿ ಯಾರಾದರೂ ಅಪ್ಪನ ಕೆಲಸ ಕೇಳಿದರೆ 'ವ್ಯವಸಾಯ' ಎಂದು ಹೇಳಿ ಚೆನ್ನಯ್ಯ ಮಾತು ಹಾರಿಸುತ್ತಿದ್ದ.

ಏಣಿ ಹಾಕಿಸಿ ಹತ್ತಿದ. ಒಂದು ಹೆಂಚೂ ಒಡೆದಿರಲಿಲ್ಲ. ಹೆಂಚಿನ ಕೆಳಗಿನ ಮರದ ರೀಪುಗಳ ನಡುವೆ ಒಂದಡಿ ಸಂದು. ಸಪೂರದ ಆಳು ಮೈ ಓರೆ ಮಾಡಿ ಇಳಿಯಬಹುದು. ಹತ್ತಂಗುಲದ ಸ್ಟೇಷನ್ ಅಲ್ಲಿ ತೂರುತ್ತದೆ. ಅದಕ್ಕಿಂತ ಅಗಲದ ಎಂಜಿನ್ ಶೆಡ್ಡು ತೂರುವುದಿಲ್ಲ.

ಕೆಳಗಿಳಿದು ಕೈ ಕೊಡವಿಕೊಂಡ. "ಬೀಗದ ಕೈ ಇದ್ದವನು ಮಾಡು ಹತ್ತೋದಿಲ್ಲ ರೈಟರೇ. ಅಲ್ಲಿಗೆ ನೀವೂ ಅಲ್ಲ, ಬೀರನೂ ಅಲ್ಲ. ಇದು ಹೆಂಚಿನ ಕೆಲಸ ಗೊತ್ತಿರೋರ ಕೈ. ಉತ್ತಯ್ಯನವರೇ, ಸ್ಟೇಷನ್ನನ್ನ ಹೊರಗಿನವರು ಯಾರಾದ್ರೂ ನೋಡಿದ್ರಾ?"

"ಒಬ್ಬರೇ. ಕಂಟ್ರಾಕ್ಟರ್ ದೇರಪ್ಪ. ಹೋದ ಭಾನುವಾರ ಬಂದಿದ್ರು. ಈ ಗೋಡೌನಿನ ಮಾಡು ರಿಪೇರಿ ಮಾಡಿಸಿದ್ದೂ ಅವರೇ." ಉತ್ತಯ್ಯ ಏನೋ ನೆನಪಾದವರಂತೆ ಸೇರಿಸಿದರು. "ಸ್ಟೇಷನ್ ಎಷ್ಟು ಅಗಲ ಅಂತ ಎರಡು ಸಲ ಕೇಳಿದ್ರು."

* * *

ಚೆನ್ನಯ್ಯ ಉತ್ತಯ್ಯನವರನ್ನೂ ಬೀರನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಪೇಟೆಯಲ್ಲಿದ್ದ ದೇರಪ್ಪನ ಮರಗೆಲಸದ ಕಾರ್ಖಾನೆಗೆ ಹೋದ. ದೇರಪ್ಪ ಅದನ್ನು ಮುಚ್ಚಿಡುವ ಗೋಜಿಗೇ ಹೋಗಿರಲಿಲ್ಲ. ಅಂಗಳದ ಮೇಜಿನ ಮೇಲೆ ಸ್ಟೇಷನ್ ಇತ್ತು. ಅಪ್ಪಟ ಬಿಳಿ ಗೋಡೆ, ಕೆಂಪು ಮಾಡು. ಮುಂದೆ ಬೋರ್ಡು: 'ತಯಾರಿಕೆ: ದೇರಪ್ಪ, ಕಂಟ್ರಾಕ್ಟರ್'.

"ಅದೇ ಥರ ಉಂಟು. ಆದರೆ ನಮ್ಮದು ಹಳದಿ" ಎಂದು ಉತ್ತಯ್ಯ ತಡವರಿಸಿದರು.

"ಸ್ಟೇಷನ್ನು ಅಂದ್ರೆ ಎಲ್ಲ ಒಂದೇ ಥರ ಇರ್ತದೆ" ಎಂದರು ದೇರಪ್ಪ. "ನಂದು ಮೊದಲಿಂದಲೂ ಬಿಳಿ. ಕೊಡಗಿಗೆ ರೈಲು ಬರ್ತದಂತೆ, ಮಡಿಕೇರಿಗೆ ಬರೋ ದೊಡ್ಡವರು ನನ್ನ ಕೆಲಸ ನೋಡ್ಲಿ ಅಂತ ನಾನೇ ಮಾಡಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆ ಆಳು ಇದನ್ನ ಮಾಡಿದ ಅಂದ್ರೆ ನೀವೇ ನಂಬ್ತೀರಾ ಇನ್ಸ್‌ಪೆಕ್ಟರೇ?"

ಬೀರನ ಕುತ್ತಿಗೆಯ ನರ ಉಬ್ಬಿತು.

ಚೆನ್ನಯ್ಯ ಮೇಜಿನ ಸುತ್ತ ನಡೆದ. ಉಗುರಿನಷ್ಟಗಲದ ಬಿದಿರು ಚಕ್ಕೆಯ ಹೆಂಚುಗಳು, ನೂರಾರು. ಅಪ್ಪ ಹೊದಿಸುತ್ತಿದ್ದ ಹಾಗೆಯೇ, ಸಾಲು ತಪ್ಪದೆ.

"ದೇರಪ್ಪನವರೇ, ಹಿಂಬದಿಯ ಸೂರು ಯಾಕೆ ಉದ್ದ? ಪ್ಲಾಟ್‌ಫಾರಂ ಇರೋದು ಮುಂದೆ ಅಲ್ವಾ?"

"ಅಂದಕ್ಕೆ."

"ಸರಿ." ಚೆನ್ನಯ್ಯ ಜಗಲಿಯ ಗುಲಾಬಿ ಗಿಡಗಳ ಪಕ್ಕದಿಂದ ನೀರು ಹಾಕುವ ಕ್ಯಾನು ಎತ್ತಿಕೊಂಡ. "ಇದರ ಮೇಲೆ ಒಂದು ಕ್ಯಾನು ನೀರು ಹುಯ್ಯೋಣ."

ದೇರಪ್ಪ ಮೇಜಿಗೆ ಅಡ್ಡ ಬಂದರು. "ಬೇಡ, ಬೇಡ. ಮರ ಉಬ್ಬಿ ಹಾಳಾಗ್ತದೆ. ಕಷ್ಟಪಟ್ಟು ಮಾಡಿದ್ದು."

"ಬೀರ, ನೀನೇನಂತೀಯ?"

ಬೀರ ಅವತ್ತು ಮೊದಲ ಸಲ ತಲೆ ಎತ್ತಿದ. ಮೇಜಿನ ಹತ್ತಿರ ಬಂದು ಸ್ಟೇಷನ್ನನ್ನು ಎರಡೂ ಕೈಯಲ್ಲಿ ಹಿಡಿದು, ಉದ್ದನೆಯ ಸೂರು ಪಡುವಣಕ್ಕೆ ಬರುವಂತೆ ತಿರುಗಿಸಿಟ್ಟ. ಸಣ್ಣಸ್ವಾಮಿಯ ಬೆಂಕಿಪೊಟ್ಟಣ ಕೇಳಿ ತೆಗೆದುಕೊಂಡು ಪುಟ್ಟ ಬಾಗಿಲಿನೊಳಗೆ ತೂರಿಸಿದ.

"ಹುಯ್ಯಿರಿ ಸ್ವಾಮಿ. ಆ ಕಡೆಯಿಂದ, ಓರೆಯಾಗಿ, ಜೋರಾಗಿ ಹುಯ್ಯಿರಿ. ನಮ್ಮೂರ ಮಳೆ ಬರೋದು ಹಂಗೇ."

ಚೆನ್ನಯ್ಯ ಹುಯ್ದ. ಮಾಡಿನಿಂದ ನೀರು ಸಾಲುಸಾಲಾಗಿ ಇಳಿಯಿತು. ಗೋಡೆಯ ಬಿಳಿ ಕರಗಿ ಹಾಲಿನಂತೆ ಮೇಜಿನ ಮೇಲೆ ಹರಿಯಿತು. ಅದರಡಿಯಿಂದ ಹಳದಿ ಗೋಡೆ ಹೊಳೆಯುತ್ತಾ ಎದ್ದು ಬಂತು. ಕ್ಯಾನು ಬರಿದಾಯಿತು. ಸಣ್ಣಸ್ವಾಮಿ ಬಾಗಿಲೊಳಗೆ ಬೆರಳು ಹಾಕಿ ಪೊಟ್ಟಣ ತೆಗೆದು ಕಡ್ಡಿ ಗೀರಿದ.

ಹತ್ತಿಕೊಂಡಿತು.

ದೇರಪ್ಪ ಅಲ್ಲೇ ಮರದ ದಿಮ್ಮಿಯ ಮೇಲೆ ಕುಸಿದು ಕುಳಿತರು.

* * *

"ಮಾಡು ಹತ್ತಿ ಇಳಿದದ್ದು ಅಚ್ಚುಕಟ್ಟಾಗೇ ಆಗಿತ್ತು" ಎಂದ ಚೆನ್ನಯ್ಯ. "ನಿಮ್ಮನ್ನ ಕೆಡಿಸಿದ್ದು ಆತುರ. ನೀರು ತಡೀಲಿ ಅಂತ ಎಣ್ಣೆ ಕುಡಿಸಿದ ಮರಕ್ಕೆ ಸುಣ್ಣ ಹಿಡಿಯೋದಿಲ್ಲ, ಇದು ನಿಮಗೇ ಗೊತ್ತಿರಬೇಕಿತ್ತು. ಸೂರು ಯಾಕೆ ಉದ್ದ ಅಂತ ನೀವು ಯೋಚನೇನೇ ಮಾಡಿಲ್ಲ. ಮಾಡಿದವನಿಗೆ ತನ್ನ ಮನೆ ಸೋರೋದಿಲ್ಲ ಅಂತ ಗೊತ್ತಿರ್ತದೆ. ಕದ್ದವನಿಗೆ ನೀರು ಕಂಡ್ರೆ ಭಯ."

"ನನ್ನ ಕಾಲಕ್ಕೆ ಒಂದು ಸ್ಟೇಷನ್ ಕಟ್ಟಬೇಕು ಅಂತ ಆಸೆ ಇತ್ತು" ಎಂದರು ದೇರಪ್ಪ, ನೆಲ ನೋಡುತ್ತಾ. "ಇದನ್ನ ನೋಡಿದ ದಿನ ನಿದ್ದೆ ಬರಲಿಲ್ಲ."

ಉತ್ತಯ್ಯ ಬೀರನ ಕಡೆ ತಿರುಗಿದರು. "ಇದು ನೀರು ತಡೀತದೆ ಅಂತ ನನಗೂ ಹೇಳಿರಲಿಲ್ಲವಲ್ಲ ಮಾರಾಯ."

"ಹೇಳೋದು ಎಂಥ ಸಾಹುಕಾರ್ರೆ? ಮಳೆಯಲ್ಲಿ ನಿಲ್ಲದ್ದು ಮನೆಯಾ? ಆಟಿ ತಿಂಗಳ ಮಳೆ ಪೂರ್ತಿ ನಮ್ಮ ಲೈನ್ ಮನೆ ಮುಂದೆ ಮರದ ಕುಂಟೆ ಮೇಲೆ ಇಟ್ಟಿದ್ದೆ. ಎರಡು ಸಲ ಸೋರಿತು. ಎರಡು ಸಲ ಮಾಡು ಬಿಚ್ಚಿ ಕಟ್ಟಿದೆ."

ಉತ್ತಯ್ಯ ದೇರಪ್ಪನ ಬೋರ್ಡು ತಿರುಗಿಸಿ, ಹಿಂಬದಿಯಲ್ಲಿ ಕುಂಚದಿಂದ ತಾವೇ ಬರೆದರು. ಅಷ್ಟರಲ್ಲಿ ಅರ್ಧ ಪೇಟೆ ಬೇಲಿಯಾಚೆ ಸೇರಿತ್ತು. ಬೀರ ಆ ಬೋರ್ಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಓದು ಬಾರದು. ಚೆನ್ನಯ್ಯನ ಮುಂದೆ ಹಿಡಿದ.

"ಏನು ಬರೆದವ್ರೆ ಸ್ವಾಮಿ?"

ಚೆನ್ನಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಬೇಲಿಯಾಚೆಗೂ ಕೇಳುವಂತೆ ಓದಿದ. "ಸೋಮವಾರಪೇಟೆ ರೈಲ್ವೆ ಸ್ಟೇಷನ್. ಕಟ್ಟಿದವರು: ಬಡಗಿ ಬೀರ."

"ಹೆಂಚು ನೋಡಿ ನಿಮಗೆ ಹೆಂಗೆ ಗೊತ್ತಾಯ್ತು ಸಾರ್?" ಸಣ್ಣಸ್ವಾಮಿ ಮೆಲ್ಲಗೆ ಕೇಳಿದ.

"ನಮ್ಮಪ್ಪ ಹೆಂಚು ಹೊದಿಸ್ತಿದ್ದ ಕಣಯ್ಯಾ" ಎಂದ ಚೆನ್ನಯ್ಯ, ಅದೇ ದೊಡ್ಡ ದನಿಯಲ್ಲಿ. "ಹಾಸನದ ಕಡೆ ಅವನ ಕೈ ಹೆಂಚು ಒಂದೂ ಸೋರಿದ್ದಿಲ್ಲ."

ಬೀರ ಬೋರ್ಡನ್ನು ಇನ್ನೂ ಹಿಡಿದೇ ಇದ್ದ.

"ಸ್ವಾಮಿ, ಇನ್ನೊಂದು ಸಲ ಓದ್ತೀರಾ?"

ಚೆನ್ನಯ್ಯ ಇನ್ನೊಂದು ಸಲ ಓದಿದ.