ನಾರಿನ ಕಾರ್ಖಾನೆಗೆ ಬಂದ ಎಂಬಿಎ ಹುಡುಗಿ

“ಅಲ್ಲಿ ಕೈ ಹಾಕ್ಬೇಡ್ರೀ!”

ಕೂಗು ಕೇಳಿ ದರ್ಶಿನಿ ತಲೆ ಎತ್ತುವಷ್ಟರಲ್ಲಿ ಯಾರೋ ಓಡಿಬಂದು ಅವಳ ಮುಂಗೈ ಹಿಡಿದು ಹಿಂದಕ್ಕೆ ಎಳೆದಿದ್ದರು.

“ಏನ್ರೀ ಇದು? ಕೈ ಬಿಡಿ!”

ಎಳೆದ ಯುವಕ ತಕ್ಷಣ ಕೈ ಬಿಟ್ಟ. ಒಂದು ಕೋಲು ತೆಗೆದುಕೊಂಡು, ಅವಳು ಕೈ ಹಾಕಲಿದ್ದ ಕಂದು ಪುಡಿಯ ಗುಡ್ಡೆಯನ್ನು ಕೆದಕಿದ. ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು!

ದರ್ಶಿನಿ ಎರಡು ಹೆಜ್ಜೆ ಹಿಂದೆ ಸರಿದಳು.

“ಮೇಲೆ ನೋಡಿದ್ರೆ ಗೊತ್ತಾಗಲ್ಲ. ಒಳಗೊಳಗೇ ಉರೀತಿರುತ್ತೆ,” ಅಂದ ಅವನು. “ಹಳೇಬೀಡಿನ ಬಟ್ಟೆ ಅಂಗಡಿ ಪದ್ಮರಾಜಯ್ಯನವರ ಮಗಳಲ್ವಾ ನೀವು? ಇಲ್ಲೇನು ಕೆಲಸ?”

“ಈ ಪುಡೀನ ಯಾಕೆ ಸುಡ್ತಿದೀರಿ?” ಹೆದರಿಕೆ ಮುಚ್ಚಿಕೊಳ್ಳಲು ಅವಳು ಎದುರು ಪ್ರಶ್ನೆ ಹಾಕಿದಳು.

“ಇನ್ನೇನ್ ಮಾಡ್ಲಿ? ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯೋ ಕಸ ಅದು.”

“ಹಾಲೆಂಡಿನಲ್ಲಿ ಇದರಲ್ಲೇ ಟೊಮೆಟೊ ಬೆಳೀತಾರೆ. ಮಣ್ಣಿಲ್ಲದೆ!”

ನಾರು ಹರವುತ್ತಿದ್ದ ಬೋರಮ್ಮ ಕೆಲಸ ನಿಲ್ಲಿಸಿ ಕೇಳಿದಳು. “ಯಾಕವ್ವಾ, ಅವ್ರ ದೇಸದಾಗೆ ಮಣ್ಣಿಗೂ ಬರ ಬಂದೈತಾ?”

ಎಲ್ಲರೂ ನಕ್ಕರು. ಆ ಯುವಕನೂ ನಕ್ಕ. ದರ್ಶಿನಿ ಮಾತ್ರ ನಗಲಿಲ್ಲ.

‘ನಗಲಿ... ತೋರಿಸಿಯೇ ತೋರಿಸುತ್ತೇನೆ!’

ಅದು ಎರಡು ಸಾವಿರದ ಮೂರನೇ ಇಸವಿ. ದರ್ಶಿನಿ ಮೈಸೂರಿನಲ್ಲಿ ಎಂಬಿಎ ಓದುತ್ತಿದ್ದಳು. ಎರಡನೇ ವರ್ಷಕ್ಕೆ ಅವಳು ಆರಿಸಿಕೊಂಡ ವಿಷಯ ಜಾಗತಿಕ ವ್ಯವಹಾರ. ‘ನಿಮ್ಮ ಜಿಲ್ಲೆಯ ಯಾವುದಾದರೂ ಒಂದು ವಸ್ತುವಿಗೆ ಹೊರದೇಶದಲ್ಲಿ ಗಿರಾಕಿ ಹುಡುಕಿ’ ಎಂದು ಮೇಷ್ಟ್ರು ಪ್ರಾಜೆಕ್ಟ್ ಕೊಟ್ಟಿದ್ದರು. ಗೆಳತಿಯರೆಲ್ಲ ಕಾಫಿ, ರೇಷ್ಮೆ ಎಂದರೆ, ಇವಳು ಯಾರಿಗೂ ಬೇಡದ ನಾರಿನ ಪುಡಿಯನ್ನು ಹಿಡಿದು ಬಾಣಾವರದ ಸ್ಟೇಷನ್ ಹಿಂದಿನ ಈ ಕಾರ್ಖಾನೆಗೆ ಬಂದಿದ್ದಳು.

ಅದರ ಯಜಮಾನನೇ ಆ ಯುವಕ, ಪದ್ಮಪ್ರಸಾದ್. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು, ಹನ್ನೆರಡು ಹೆಂಗಸರ ಕೆಲಸ ನಿಲ್ಲಬಾರದೆಂದು ಕಾರ್ಖಾನೆಯನ್ನು ಕೈಗೆತ್ತಿಕೊಂಡವನು.

ಮರುದಿನವೂ ಅವಳು ಹಳೇಬೀಡಿನ ಮನೆಯಿಂದ ಜಾವಗಲ್ ದಾರಿಯ ಬಸ್ ಹಿಡಿದು ಬಂದಳು. ಅದರ ಮರುದಿನವೂ...

“ಸಮುದ್ರದ ಕಡೆ ಪುಡೀಲಿ ಉಪ್ಪು ಜಾಸ್ತಿ, ಅದಕ್ಕೆ ಗಿಡ ಒಣಗುತ್ತೆ,” ಎಂದು ವಿವರಿಸಿದಳು. “ನಮ್ಮದು ಒಳನಾಡಿನ ತೆಂಗು. ಸಿಹಿನೀರಲ್ಲಿ ಎರಡು ಸಲ ತೊಳೆದ್ರೆ ಸಾಕು ಅಂತ ನನ್ನ ಲೆಕ್ಕ.”

“ಲೆಕ್ಕ ತಪ್ಪಿದ್ರೆ?”

“ತಪ್ಪಿದ್ರೆ ಮೂರನೇ ಸಲ ತೊಳೆಯೋಣ!”

ಅವನು ಅವಳನ್ನೇ ನೋಡಿದ. ಈ ಸಲ ನಗಲಿಲ್ಲ. ತಾನೇ ಕೊಡ ಎತ್ತಿಕೊಂಡ.

ತೊಳೆದ ಪುಡಿಯನ್ನು ಪರೀಕ್ಷೆಗೆ ಕಳಿಸಿದ್ದ ಹಾಸನದ ಪ್ರಯೋಗಾಲಯದಿಂದ ಉತ್ತರ ಬಂತು. ಉಪ್ಪು ಇಲ್ಲವೆನ್ನುವಷ್ಟು ಕಡಿಮೆ! ಅವನು ಅಚ್ಚು ಮಾಡಿಸಿ ಪುಡಿಯನ್ನು ಇಟ್ಟಿಗೆಯಂತೆ ಒತ್ತಿದ. ಮೊದಲ ಇಟ್ಟಿಗೆಯನ್ನು ಬಕೆಟ್ಟಿಗೆ ಹಾಕಿದಾಗ ಅದು ನೀರು ಕುಡಿದು ಬಕೆಟ್ ತುಂಬ ಅರಳಿತು.

“ನೋಡ್ರೀ... ಬಂತು!” ಎಂದು ಅವಳು ಮಗುವಿನಂತೆ ಚಪ್ಪಾಳೆ ತಟ್ಟಿದಳು.

ಅವನು ನೋಡುತ್ತಿದ್ದುದು ಬಕೆಟ್ಟನ್ನಲ್ಲ. ಅದು ಅವಳಿಗೂ ಗೊತ್ತಾಯಿತು. ಕೆನ್ನೆ ಬಿಸಿಯಾಯಿತು.

ಪ್ರಾಜೆಕ್ಟಿನ ಆರು ವಾರ ಮುಗಿದು ಅವಳು ಮೈಸೂರಿಗೆ ಹೊರಟಾಗ ಅವನು ರೈಲಿನ ಕಿಟಕಿಯ ಬಳಿ ನಿಂತು ಇಷ್ಟೇ ಹೇಳಿದ. “ಪತ್ರ ಬರೀತೀನಿ.”

ಮೂರು ವಾರದ ನಂತರ ಪತ್ರ ಬಂತು. ಆತುರದಿಂದ ಬಿಡಿಸಿದಳು. ಒಂದೇ ಸಾಲು.

‘ನಿಮ್ಮ ಪ್ರಾಜೆಕ್ಟ್ ಮುಗೀತಲ್ಲ, ಇನ್ನು ಇಲ್ಲಿಗೆ ಬರಬೇಡಿ.’

ಫೋನ್ ಮಾಡಿದಳು. ಯಜಮಾನರು ಇಲ್ಲ ಎಂದರು. ಮತ್ತೆ ಮಾಡಿದಳು. ಅದೇ ಉತ್ತರ.

‘ನಾನೇನು ತಪ್ಪು ಮಾಡಿದೆ? ಆ ನೋಟವೆಲ್ಲ ಸುಳ್ಳೇ...?’ ಕಣ್ಣು ತುಂಬಿತು. ಮುಖ ತೊಳೆದುಕೊಂಡು ಅವಳು ಪುಸ್ತಕದ ಮುಂದೆ ಕುಳಿತಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಅದೇ ವಾರ ಕಾಲೇಜಿಗೆ ಬೆಂಗಳೂರಿನ ಒಂದು ರಫ್ತು ಕಂಪನಿ ಸಂದರ್ಶನಕ್ಕೆ ಬಂತು. ಮ್ಯಾನೇಜರ್ ಮೇಜಿನ ಮೇಲೆ ಅವಳದೇ ಪ್ರಾಜೆಕ್ಟ್ ವರದಿಯ ಜೆರಾಕ್ಸ್ ಇತ್ತು!

“ಇದು ನಿಮಗೆ ಹೇಗೆ ಸಿಕ್ತು, ಸರ್?”

“ಈ ಸಂದರ್ಶನ ಗೊತ್ತುಮಾಡೋಕೆ ಬಂದಾಗ ನಿಮ್ಮ ಕಾಲೇಜು ಲೈಬ್ರರಿಯಲ್ಲಿತ್ತು, ಜೆರಾಕ್ಸ್ ತಗೊಂಡೆ. ತುಂಬ ಚೆನ್ನಾಗಿ ಬರೆದಿದೀರಿ. ಹೋದ ವಾರ ಆ ಬಾಣಾವರದವರ ಹತ್ರ ಹೋಗಿದ್ದೆ. ಹತ್ತು ವರ್ಷ ಪುಡಿಯೆಲ್ಲ ನಮಗೇ ಹಾಕಿ, ತೊಳೆಯೋದು ಒತ್ತೋದು ಎಲ್ಲ ನಾವೇ ಮಾಡ್ಕೋತೀವಿ ಅಂದೆ. ಸಹಿ ಹಾಕಲಿಲ್ಲ. ನಿಮ್ಮ ದರ್ಶಿನಿ ಮೇಡಂ ನಮ್ಮ ಕಂಪನೀನೇ ಸೇರ್ತಿದಾರೆ, ಈ ವರದಿ ಅವರದೇ ಅಂತಲೂ ಹೇಳ್ದೆ. ಮುಖ ಕಪ್ಪಿಟ್ಟಿತು, ಪಾಪ!”

ಆ ಪತ್ರ ಯಾಕೆ ಬಂತೆಂದು ದರ್ಶಿನಿಗೆ ಈಗ ಅರ್ಥವಾಯಿತು.

“ನಾನು ಸೇರ್ತೀನಿ ಅಂತ ಯಾವಾಗ ಹೇಳಿದ್ದೆ, ಸರ್?”

“ಸೇರೇ ಸೇರ್ತೀರಲ್ಲ. ಇಂಥ ಕೆಲಸ ಯಾರು ಬಿಡ್ತಾರೆ?”

“ನಾನು ಬಿಡ್ತೀನಿ.” ಅವಳು ಎದ್ದು ನಿಂತಳು. “ಆ ಹೆಂಗಸರ ಕೈಯಿಂದ ಕೆಲಸ ಕಿತ್ಕೊಳ್ಳೋಕೆ ನಾನು ಅದನ್ನ ಬರೀಲಿಲ್ಲ.”

ಮರುದಿನ ಬೆಳಗಿನ ರೈಲಿಗೆ ಹೊರಟು, ಅರಸೀಕೆರೆಯಲ್ಲಿ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಬಾಣಾವರದಲ್ಲಿ ಇಳಿದಳು.

ಅವಳನ್ನು ಕಂಡು ಪದ್ಮಪ್ರಸಾದ್ ಮುಖ ತಿರುಗಿಸಿದ. “ಬರಬೇಡಿ ಅಂತ ಬರೆದಿದ್ದೆ.”

“ಓದಿದೆ. ಅದಕ್ಕೇ ಬಂದೆ.” ಚೀಲದಿಂದ ಒಂದು ಹಾಳೆ ತೆಗೆದು ಅವನ ಮುಂದೆ ಹಿಡಿದಳು. “ಮೈಸೂರಿಗೆ ಹೋದ ವಾರವೇ ಹಾಲೆಂಡಿನ ಟೊಮೆಟೊ ಬೆಳೆಗಾರರಿಗೆ ಇಮೇಲ್ ಮಾಡಿ, ನಮ್ಮ ಇಟ್ಟಿಗೆ ಪಾರ್ಸೆಲ್ ಕಳಿಸಿದ್ದೆ. ಇದು ಅವರ ಉತ್ತರ. ಮಾರುವವರ ಹೆಸರು ಏನಿದೆ, ಓದಿ.”

ಅವನು ಓದಿದ. ಪದ್ಮಪ್ರಸಾದ್, ಬಾಣಾವರ. ಕೆಳಗೆ, ಪರೀಕ್ಷೆಗೆ ಐನೂರು ಇಟ್ಟಿಗೆ ಕಳಿಸಿ ಎಂಬ ಆರ್ಡರ್!

“ನಿಮ್ಮ ವರದಿ ಆ ಕಂಪನಿಯವರ ಕೈಲಿತ್ತು... ನೀವೇ ಕೊಟ್ಟಿದೀರಿ ಅಂದ್ಕೊಂಡೆ.”

“ನನ್ನ ಕೇಳದೇ ಲೈಬ್ರರಿಯಿಂದ ತಗೊಂಡ್ರು. ಅವರ ಕೆಲಸಾನೂ ಬೇಡ ಅಂದು ಬಂದಿದೀನಿ. ಒಂದು ಮಾತು ನನ್ನ ಕೇಳಬಹುದಿತ್ತಲ್ರೀ? ಎರಡು ಸಲ ಫೋನ್ ಮಾಡ್ದೆ...” ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಉಕ್ಕಿತು.

“ಕೇಳೋಕೆ ಭಯ ಆಯ್ತು.” ಅವನು ಹಾಳೆಯನ್ನು ಮಡಿಸಿದ. “ಹೌದು ಅಂದುಬಿಟ್ರೆ ಅಂತ. ಪುಡಿ ಹೋದ್ರೆ ಹೋಗ್ಲಿ, ನೀವು ಹಾಗೆ ಮಾಡಿದ್ರಿ ಅಂತ ನಿಮ್ಮ ಬಾಯಲ್ಲೇ ಕೇಳೋ ಧೈರ್ಯ ಇರಲಿಲ್ಲ. ನನ್ನದು ತಪ್ಪಾಯ್ತು. ಕ್ಷಮಿಸ್ತೀರಾ?”

“ಕ್ಷಮಿಸ್ತೀನಿ. ಆದ್ರೆ ಪ್ರಾಜೆಕ್ಟಿನ ಮಾತು ಮುಗೀತು.” ಅವಳು ಕಣ್ಣೊರೆಸಿಕೊಂಡು ಅವನನ್ನೇ ನೇರವಾಗಿ ನೋಡಿದಳು. “ಈಗ ನನ್ನ ಮಾತು. ಪರೀಕ್ಷೆ ಮುಗಿಸಿ ಬಂದು ಈ ವ್ಯಾಪಾರ ನಿಮ್ಮ ಜೊತೆ ನಾನೂ ನಡೆಸ್ತೀನಿ. ಮತ್ತೆ... ನಿಮ್ಮನ್ನೇ ಮದುವೆ ಆಗ್ಬೇಕು ಅಂತಿದೀನಿ. ನಿಮಗೆ ಇಷ್ಟ ಇದೆಯಾ?”

ಹಿಂದೆ ಬೋರಮ್ಮ “ಅಯ್ಯಯ್ಯೋ!” ಎಂದು ಬಾಯಿಗೆ ಸೆರಗು ಹಿಡಿದಳು.

“ಇದೆ...” ಅವನು ಒಂದು ಹೆಜ್ಜೆ ಮುಂದೆ ಬಂದ. “ನೀವು ಮೊದಲ ದಿನ ಜಗಳ ಆಡಿದಾಗಿಂದ ಇದೆ! ಭಾನುವಾರ ಹಳೇಬೀಡಿಗೆ ಬಂದು ನಿಮ್ಮ ತಂದೆಯವರನ್ನ ಕೇಳ್ತೀನಿ.”

“ಭಾನುವಾರ ಯಾಕೆ? ಮೂರು ಗಂಟೆಗೆ ಬಸ್ಸಿದೆ.”

“ಈ ಬಟ್ಟೇಲಾ? ಮೈಯೆಲ್ಲ ನಾರು...”

ದರ್ಶಿನಿ ಅವನ ತೋಳಿಗೆ ಅಂಟಿದ್ದ ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿದಳು.

“ಇದೇ ಬಟ್ಟೇಲಿ ಬನ್ನಿ. ನಾನು ಒಪ್ಪಿರೋದು ಈ ಮನುಷ್ಯನ್ನೇ ಅಂತ ಅಪ್ಪನಿಗೂ ಗೊತ್ತಾಗ್ಲಿ.”

“ಅವರು ಬೇಡ ಅಂದ್ರೆ, ದರ್ಶಿನಿ?”

ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅವಳು ನಕ್ಕಳು.

“ಮಾತಾಡೋಕೆ ನಾನಿದೀನಿ. ನೀವು ನನ್ನ ಪಕ್ಕದಲ್ಲಿ ನಿಂತಿರಿ, ಸಾಕು.”