ಬೀಗ ಹಾಕಿದ ಫೋಟೊ

"ಸುಳ್ಳು ಹೇಳ್ಬೇಡ ಜ್ಞಾನೇಶ. ನಿನ್ನ ಮುಖ ನೋಡಿದ್ರೆ ಅಸಹ್ಯ ಆಯ್ತದೆ."

ಮಾತು ಮುಗಿಯುವ ಮೊದಲೇ ಸಿಂಧುವಿನ ಕೈ ಅವನ ಕೆನ್ನೆಗೆ ಬಿತ್ತು. ಬಿಳಿಗೆರೆಯಲ್ಲಿ ಅವಳ ಅಣ್ಣ ಬಸವಕುಮಾರನ ಕೊಬ್ಬರಿ ಅಟ್ಟ ಅದು. ವರ್ಷದಿಂದ ಒಣಗುತ್ತಿದ್ದ ಕಾಯಿರಾಶಿಯ ಮೇಲೆ ಅವನು ತತ್ತರಿಸಿ ಕೂತ.

"ಆ ಫೋಟೊ ನಾನು ಹಾಕಿಲ್ಲ ಕಣೇ," ಎಂದ.

ಇದೇ ಅಟ್ಟದಲ್ಲಿ ಅವರು ಮೊದಲು ಕಂಡದ್ದು. ತಿಪಟೂರಿನ ಮಂಡಿಯಿಂದ ಕಾಯಿ ನೋಡಲು ಬಂದಿದ್ದ ಜ್ಞಾನೇಶ್, ಒಂದು ಕಾಯನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಕುಲುಕುವುದನ್ನು ಕೇಳಿಸಿದ್ದ. ಆಮೇಲೆ ಕಾಯಿ ನೋಡುವ ನೆಪ ಹೆಚ್ಚಾಯಿತು.

ಒಮ್ಮೆ ಅವನ ಭುಜಕ್ಕೆ ತಲೆಯಿಟ್ಟು ಅವಳೇ ಫೋಟೊ ತೆಗೆದಳು. ಅವನಿಗೊಂದು ಕಳಿಸಿ, ತನ್ನದನ್ನು ಫೋಟೊ, ದಾರಿ ಎಲ್ಲ ತೋರಿಸುವ ಆ್ಯಪ್‌ನಲ್ಲಿಟ್ಟು ಬೀಗದ ಗುರುತು ಒತ್ತಿದಳು. 'ಇದು ನಿಮಗೆ ಮಾತ್ರ ಕಾಣುತ್ತದೆ' ಎಂದಿತ್ತು ಆ್ಯಪ್ ನಡೆಸುವ ಕಂಪನಿ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರಾಮಕ್ಕ ಬಂದು, ನಿಮ್ಮಿಬ್ಬರ ಫೋಟೊ ಮಂಡಿಯವರ ಫೋನಿನಲ್ಲೆಲ್ಲ ಇದೆ ಎಂದಿದ್ದಳು. ದಂಡಿನಶಿವರದ ಗಂಡಿಗೆ ಅಣ್ಣ ಮಾತು ಕೊಟ್ಟಿದ್ದ. ಅಣ್ಣನ ಕೋಪ ಸಿಂಧುವಿಗೆ ಗೊತ್ತಿತ್ತು. ಆ ಫೋಟೊ ಇನ್ನೊಂದಿದ್ದದ್ದು ಜ್ಞಾನೇಶನ ಹತ್ತಿರ ಮಾತ್ರ; ಕೂಡಲೇ ಅವನನ್ನು ಕರೆಸಿದ್ದಳು.

ಅವನು ಬೇಡಿಕೊಂಡ. ನಮ್ಮ ಗುಟ್ಟೇ ಆ ಕಂಪನಿಗೆ ಸರಕು, ಬೀಗ ಅವರದ್ದು, ಬೀಗದ ಕೈಯೂ ಅವರದ್ದು ಎಂದ.

"ಲೋಕವೆಲ್ಲ ನಂಬೋ ಕಂಪನಿ ಅದು. ಅದು ಸುಳ್ಳು, ನೀನೊಬ್ಬ ನಿಜವಾ?"

ಆ ಮಾತು ಏಟಿಗಿಂತ ಜೋರಾಗಿ ತಗುಲಿತು. ಅವನು ತಲೆ ತಗ್ಗಿಸಿ ಏಣಿಯತ್ತ ತಿರುಗಿದ.

ಏಣಿ ಹತ್ತಿ ಬಸವಕುಮಾರ ಬರುತ್ತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತೆಂಗಿನ ಮಟ್ಟೆ.

ಮೊದಲ ಏಟು ಜ್ಞಾನೇಶನ ಬೆನ್ನಿಗೆ, ಎರಡನೆಯದು ಕಿವಿಯ ಮೇಲೆ. ರಕ್ತ ಚಿಮ್ಮಿ ಕಾಯಿಗಳ ಮೇಲೆ ಬಿತ್ತು. ಅವನು ಕೈಯೆತ್ತಲಿಲ್ಲ.

ಸಿಂಧು ತಡೆಯಲಿಲ್ಲ. 'ಬೀಳಲಿ, ದ್ರೋಹಿ...' ಅನ್ನಿಸಿತು ಅವಳಿಗೆ. ಹೌದು, ಅನ್ನಿಸಿತು.

ಅಣ್ಣ ಫೋನನ್ನು ಅವಳ ಮುಖಕ್ಕೆ ಹಿಡಿದ. "ನೋಡೇ ನಿನ್ನ ಮಾನ. ನನ್ನ ಕೊಬ್ಬರಿ ಪುಟದಲ್ಲೇ ಬಂದೈತೆ."

ಅವಳು ನೋಡಿದಳು. ಕೊಳ್ಳುವವರಿಗೆ ದಾರಿ ತಿಳಿಯಲೆಂದು ಅಣ್ಣ ಹೋದ ತಿಂಗಳು ಈ ಅಟ್ಟವನ್ನು ಅದೇ ಆ್ಯಪ್‌ನಲ್ಲಿ ಅಂಗಡಿ ಅಂತ ಸೇರಿಸಿದ್ದ. ಇಲ್ಲಿ ತೆಗೆದ ಚಿತ್ರಗಳನ್ನೆಲ್ಲ ಕಂಪನಿ ತಾನೇ ಹೆಕ್ಕಿ ಆ ಪುಟಕ್ಕೆ ಅಂಟಿಸಿತ್ತು. ಕೊಬ್ಬರಿಯ ದರದ ಕೆಳಗೆ ಅವಳ ನಗುಮುಖ. ಅದರ ಕೆಳಗೆ, 'ಸಿಂಧು ಅವರ ಖಾತೆಯಿಂದ.'

ತನ್ನದೇ ಫೋಟೊ. ತಾನೇ ಬೀಗ ಹಾಕಿದ್ದು.

ಇದು ಯಾರ ತಪ್ಪೂ ಅಲ್ಲ ಎನ್ನುವವನು ಆ ಕಂಪನಿಯ ಸಂಬಳ ತಿನ್ನುವವನೇ ಇರಬೇಕು.

ಅಷ್ಟರಲ್ಲಿ ಬಸವಕುಮಾರ ಮೂಲೆಯ ಮಚ್ಚು ಎತ್ತಿದ್ದ. ಸಿಂಧು ನಡುವೆ ನುಗ್ಗಿ ಅಲಗನ್ನೇ ಹಿಡಿದಳು. ಅಂಗೈ ಸೀಳಿತು. ಅವಳು ಬಿಡಲಿಲ್ಲ.

"ಅವನನ್ನ ಕಡಿಯೋ ಮುಂಚೆ ನನ್ನ ಕಡಿ ಅಣ್ಣ. ಊರಿಗೆ ತೋರಿಸಿದ್ದು ನಿನ್ನ ಪುಟ. ನಂಬಿ ಕೆಟ್ಟೋಳು ನಾನು. ಅವನು ಏನೂ ಮಾಡಿಲ್ಲ."

ತಂಗಿಯ ರಕ್ತ ಮೊಣಕೈಗಿಳಿದದ್ದು ಕಂಡು ಬಸವಕುಮಾರನ ಹಿಡಿ ಸಡಿಲವಾಯಿತು. ಮಚ್ಚು ಕಾಯಿಗಳ ನಡುವೆ ಬಿತ್ತು.

ಜ್ಞಾನೇಶ್ ತನ್ನ ಹರಿದ ಅಂಗಿಯ ತುಂಡಿನಿಂದ ಅವಳ ಅಂಗೈ ಕಟ್ಟಿದ.

"ನಾನು ನಿನ್ನ ಬಿಟ್ಟು ಆ ಕಂಪನೀನ ನಂಬಿದೆ..." ಎಂದಳು.

"ಈಗ?"

"ಈಗ ನೀನು ಹೇಳ್ದಂಗೆ."

"ನಾನೇನೂ ಹೇಳಲ್ಲ. ನಡಿ, ಮೊದಲು ಹೊಲಿಗೆ ಹಾಕಿಸೋಣ."

ಅವಳು ಸೊಂಟದಿಂದ ಫೋನು ತೆಗೆದು ರಾಶಿಯ ಮೇಲಿಟ್ಟಳು. ಬಾಗಿಲು ದಾಟಿದರೆ ಮತ್ತೆ ಈ ಮನೆ ಇಲ್ಲ ಎಂದು ಅಣ್ಣ ಕೂಗಿದ. ಅವಳು ಆಗಲೇ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದಳು.

ಆ ಫೋನನ್ನು ಬಸವಕುಮಾರ ಇವತ್ತಿಗೂ ಚಾರ್ಜಿಗೆ ಹಾಕುತ್ತಾನೆ, ಅವಳು ಎಲ್ಲಿಂದಾದರೂ ಒಂದು ಸಲ ಅದಕ್ಕೆ ಕರೆ ಮಾಡಿಯಾಳೆಂದು. ಸಿಂಧು ಮನೆಯಲ್ಲೇ ಇದ್ದಾಳೆ ಎಂದು ಆ್ಯಪ್ ದಿನಾ ತೋರಿಸುತ್ತದೆ.

ಅವಳು ಬರಲಿಲ್ಲ.