ಒದ್ದೆ ಡಬ್ಬಿ

"ಒದ್ದೆ ಡಬ್ಬಿಗೆ ತುಂಬಲ್ಲ ಮೇಡಂ."

ಅವಳಿಗೆ ರೇಗಿಹೋಯಿತು. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇದ್ದು, ಗಿರಾಕಿಗಳು ಬಿಡಿಸಿ ಬಿಸಾಕಿದ ಷರಟುಗಳನ್ನು ಮಡಚಿ ಮಡಚಿ ಕಾಲು ಸತ್ತುಹೋಗಿದ್ದವು. ಈಗ ಈ ಸೋಪಿನಂಗಡಿಯವನೊಬ್ಬ ಬಾಕಿ ಇದ್ದ!

"ಎರಡು ಹನಿ ನೀರಿಗೆ ಇಷ್ಟು ರಗಳೆನಾ?"

"ಎರಡೇ ಹನಿ ಸಾಕು, ಸೋಪಿನ ಪುಡಿ ಕಲ್ಲಾಗತ್ತೆ. ನಾಳೆ ನೀವೇ ಬಂದು ಬೈತೀರ."

"ನಾಳೆವರೆಗೆ ಯಾಕೆ? ಇವತ್ತೇ ಬೈದುಬಿಡ್ತೀನಿ!"

ಅವನು ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿ, ಡಬ್ಬಿಯನ್ನು ಟೇಬಲ್ ಫ್ಯಾನಿನ ಮುಂದಿಟ್ಟ. ಮೂಲೆಯಿಂದ ಸ್ಟೂಲ್ ಎಳೆದು ತಂದ.

"ಐದು ನಿಮಿಷ ಆಗತ್ತೆ. ಕೂತ್ಕೊಳ್ಳಿ."

ಕೂತ್ಕೊಳ್ಳಿ... ಈ ಮಾತು ಅವಳ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ! ಕೂತಳು.

ಅದು ರೀಫಿಲ್ ಅಂಗಡಿ. ಅಲ್ಲಿ ಪ್ಯಾಕೆಟ್ಟಿನ ಮಾತೇ ಇಲ್ಲ. ನಮ್ಮ ಡಬ್ಬಿ ನಾವೇ ಒಯ್ದು, ಬೇಕಾದಷ್ಟು ತುಂಬಿಸಿಕೊಂಡು ಬರಬೇಕು. ಅವಳೇನೂ ಭೂಮಿ ಉಳಿಸಲು ಹೊರಟವಳಲ್ಲ. ಅವರ ಕಟ್ಟಡದಲ್ಲಿ ವಾರಕ್ಕೆ ಮನೆಗೊಂದೇ ಕಸದ ಚೀಲ. ಹಾಸಿಗೆ ಹಿಡಿದ ಅಪ್ಪನ ಡೈಪರ್‌ಗಳಿಗೇ ಆ ಚೀಲ ಸಾಲುತ್ತಿರಲಿಲ್ಲ, ಇನ್ನು ಪ್ಯಾಕೆಟ್ಟು, ಬಾಟಲಿಗಳನ್ನು ಎಲ್ಲಿ ತುರುಕುವುದು?

ಅಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಒಂದು ದಿನವೂ ಗಡ್ಡ ಬಿಟ್ಟುಕೊಂಡು ಡ್ಯೂಟಿಗೆ ಹೋದವರಲ್ಲ. ಲಕ್ವ ಹೊಡೆದ ಮೇಲೆ ದಿನ ಬಿಟ್ಟು ದಿನ ಮಗಳೇ ಶೇವ್ ಮಾಡುತ್ತಿದ್ದಳು. ಡಬ್ಬಿ ತುಂಬ ಶೇವಿಂಗ್ ಸೋಪಿನ ಪುಡಿ ಅದಕ್ಕೇ.

ಇದನ್ನೆಲ್ಲ ಅಂಗಡಿಯಲ್ಲಿ ಅವಳು ಹೇಳಲಿಲ್ಲ. ಹೇಳಿದರೆ ಜನ "ಅಯ್ಯೋ ಪಾಪ" ಅನ್ನುತ್ತಾರೆ. ಮದುವೆಗೆ ಒಪ್ಪಿದ್ದವನೊಬ್ಬ "ಮೊದಲು ನಿಮ್ಮಪ್ಪನ್ನ ಎಲ್ಲಾದ್ರೂ ಸೇರಿಸು" ಅಂದು ಕೈಕೊಟ್ಟು ಹೋಗಿದ್ದ.

'ಈ ಸ್ಟೂಲಿನ ಮೇಲಾದ್ರೂ ನಾನು ಬರೀ ನಾನಾಗಿರ್ತೀನಿ...'

ಮುಂದಿನ ಶನಿವಾರ ಸಂಜೆ ಹೊರಡುವ ಮುಂಚೆ ಅವಳೊಂದು ಕೆಲಸ ಮಾಡಿದಳು. ಒಣಗಿದ್ದ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದಳು!

ಆಮೇಲೆ ಪ್ರತಿ ಶನಿವಾರವೂ ಇದೇ ಆಟ. ಫ್ಯಾನು ತಿರುಗುತ್ತಿತ್ತು, ಅವನು ಯಾವ ಗಿರಾಕಿ ಏನು ಕಿತಾಪತಿ ಮಾಡಿದ ಅಂತ ಹೇಳುತ್ತಿದ್ದ, ಅವಳು ಕಾಲು ಚಾಚಿ ನಗುತ್ತಿದ್ದಳು. ಅವನಿಗೆ ಗೊತ್ತಿಲ್ಲದಂತೆ 'ಒಣಡಬ್ಬಿ' ಅಂತ ಹೆಸರೂ ಇಟ್ಟಳು. ವಾರದ ದಣಿವೆಲ್ಲ ಆ ಐದು ನಿಮಿಷಕ್ಕೆ ಕಾದು ಕೂತಿರುತ್ತಿತ್ತು.

ಆದರೆ ಗಲ್ಲಾದಲ್ಲಿ ಅವನ ಅಕ್ಕ ಇದ್ದಳಲ್ಲ, ಅವಳ ಕಣ್ಣು ತಪ್ಪಿಸುವುದುಂಟೇ?

"ಗಂಡನಿಗೆ ಶೇವಿಂಗ್ ಸೋಪ್ ಒಯ್ಯೋಳ ದಾರಿ ಕಾಯ್ತೀಯಲ್ಲೋ... ನಾಚಿಕೆ ಆಗಲ್ವಾ?"

ಅವನು ತಲೆ ತಗ್ಗಿಸಿದ. ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು.

ಆ ಶನಿವಾರ ಸ್ಟೂಲ್ ಇರಲಿಲ್ಲ. ಅವಳು ಡಬ್ಬಿ ಇಡುವಷ್ಟರಲ್ಲೇ ಅವನು ಬೇರೊಂದು ಡಬ್ಬಿ ಮುಂದೆ ನೂಕಿದ.

"ಇದ್ರಲ್ಲಿ ತುಂಬಿದೀನಿ, ತಗೊಂಡು ಹೋಗಿ. ಕಾಯೋದು ಬೇಡ."

"ನನ್ನ ಡಬ್ಬಿ..."

"ಒದ್ದೆ ಇದೆಯಲ್ಲ."

ಅವಳು ಎರಡು ಡಬ್ಬಿಯನ್ನೂ ಅಲ್ಲೇ ಬಿಟ್ಟು ಹೊರಟುಬಿಟ್ಟಳು. 'ಅವನಿಗೂ ಸಾಕಾಗಿರ್ಬೇಕು. ನನ್ನ ಈ ಸುಸ್ತಿನ ಮುಖ ಯಾರಿಗೆ ತಾನೇ ಬೇಕು...'

ಮೂರು ವಾರ ಅತ್ತ ಹೋಗಲಿಲ್ಲ. ಮೂಲೆ ಅಂಗಡಿಯ ಪ್ಯಾಕೆಟ್ಟುಗಳೇ ಗತಿ. ಕಸದ ಚೀಲ ಉಬ್ಬಿತು, ವಾಚ್‌ಮನ್ ಎರಡು ಸಲ ಗದರಿದ.

ಮೂರನೇ ಭಾನುವಾರ ಬೆಳಿಗ್ಗೆ ನಾಲ್ಕನೇ ಮಹಡಿಯಿಂದ ನಾಲ್ಕು ಮೆಟ್ಟಿಲು ಇಳಿದಿದ್ದಳಷ್ಟೆ, ಕಸದ ಚೀಲದ ತಳ ಹರಿದು ಎಲ್ಲ ಚೆಲ್ಲಿತು. ಅವಳಿಗೆ ಬಗ್ಗಲೂ ಆಗಲಿಲ್ಲ. ಅಲ್ಲೇ ಕುಸಿದು ಕೂತಳು.

ಕೆಳಗಿನಿಂದ ಯಾರೋ ಹತ್ತಿ ಬಂದರು. ತಲೆ ಎತ್ತಿದರೆ... ಅವನೇ! ಕೈಯಲ್ಲಿ ಅವಳ ಡಬ್ಬಿ.

"ಡಬ್ಬಿ ಅದಲುಬದಲಾಗದಿರ್ಲಿ ಅಂತ ಮುಚ್ಚಳದ ಮೇಲೆ ನಿಮ್ಮ ಮನೆ ವಿಳಾಸ ಬರ್ಕೊಂಡಿದ್ನಲ್ಲ... ನಿಮ್ಮ ಯಜಮಾನ್ರ ಕೈಗೆ ಕೊಟ್ಟು ಹೋಗೋಣ ಅಂತ ಬಂದೆ."

"ಯಾವ ಯಜಮಾನ್ರು?"

"ಶೇವಿಂಗ್ ಸೋಪು..."

ಅವಳು ಚೆಲ್ಲಿದ ಡೈಪರ್‌ಗಳತ್ತ ಕೈ ತೋರಿಸಿದಳು. ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲ.

"ನಮ್ಮಪ್ಪ. ಎರಡು ವರ್ಷದಿಂದ ಎದ್ದಿಲ್ಲ. ಇದೇ ನನ್ನ ಸಂಸಾರ. ನೋಡಾಯ್ತಲ್ಲ? ಈಗ ಅಯ್ಯೋ ಪಾಪ ಅಂದು ಹೋಗಿ!"

ಅವನು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ. ಕೂತು ಒಂದೊಂದನ್ನೇ ಎತ್ತಿ ತನ್ನ ಬಟ್ಟೆಚೀಲಕ್ಕೆ ತುಂಬಿದ.

"ಅಯ್ಯೋ, ಬಿಡಿ! ಕೈ ಹಾಕ್ಬೇಡಿ..."

"ಪ್ರತಿ ವಾರ ಒಬ್ರೇ ಹೊರ್ತೀರಾ? ನಾಲ್ಕು ಮಹಡಿ?"

"ಇನ್ಯಾರಿದ್ದಾರೆ?"

"ಇನ್ಮೇಲೆ ನಾನು ಬರ್ತೀನಿ. ನೀವು ಹೂಂ ಅಂದ್ರೆ."

ಅವಳ ಕಣ್ಣು ತುಂಬಿ ಬಂತು. ಅಳುತ್ತಳುತ್ತಲೇ ಹೇಳಿಬಿಟ್ಟಳು.

"ಡಬ್ಬಿ... ನಾನೇ ಬೇಕಂತ ಒದ್ದೆ ಮಾಡ್ಕೊಂಡು ಬರ್ತಿದ್ದೆ. ನಿಮ್ಮ ಹತ್ರ ಕೂರೋಕೆ."

ಅವನು ಕಿವಿಯವರೆಗೂ ಕೆಂಪಾದ.

"ಬಟ್ಟೇಲಿ ಒರೆಸಿದ್ರೆ ಅದು ಒಂದೇ ನಿಮಿಷಕ್ಕೆ ಒಣಗತ್ತೆ. ಐದು ನಿಮಿಷ ಅಂತ ನಾನೇ ಸುಳ್ಳು ಹೇಳ್ತಿದ್ದೆ."

ಅಷ್ಟರಲ್ಲಿ ತೆರೆದ ಬಾಗಿಲಿನೊಳಗಿಂದ ಅಪ್ಪನ ತೊದಲು ದನಿ ಬಂತು.

"ಯಾರಮ್ಮಾ ಅದು? ದಿನಾ ಹೇಳ್ತೀಯಲ್ಲ... ಒಣಡಬ್ಬಿನಾ?"

ಅವಳು ನಾಚಿಕೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಬೆಪ್ಪಾಗಿ ಅವಳನ್ನೇ ನೋಡಿದ.

"ಒಣಡಬ್ಬಿ ಅಂದ್ರೆ... ನಾನಾ?"

ಅವಳು ಮೆಲ್ಲಗೆ ಎದ್ದು, ಅವನ ಕೈಯಲ್ಲಿದ್ದ ಚೀಲದ ಒಂದು ಹಿಡಿಕೆ ತಾನು ಹಿಡಿದಳು.

"ಹೌದಪ್ಪಾ," ಎಂದು ಒಳಗೆ ಕೂಗಿದಳು, "ಅವರೇ. ಕಸ ಹಾಕಿ ಇಬ್ರೂ ಬರ್ತೀವಿ."